ಒಂದು ಕೈಯ ಎಸೆತ: ಹ್ಯಾಂಕ್ ಲೂಯಿಸೆಟ್ಟಿ ಅವರ ಜೀವನ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ನಮ್ಮಂಥ ಪ್ರಶಿಕ್ಷಣಾರ್ಥಿಗಳ ತರಗತಿಯೊಂದರಲ್ಲಿ. 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರ ಪಾಲಿಗೆ ಹದಿನೆಂಟು ಜನರ ಒಂದು ತರಗತಿ ಬಂತು. ಚಳಿಗಾಲವಾದ್ದರಿಂದ ಹೊರಗೆ ಆಡುವಂತಿರಲಿಲ್ಲ. ಒಳಗೆ ದಿನವೂ ಅದೇ ಕವಾಯತು, ಅದೇ ಜಿಮ್ನಾಸ್ಟಿಕ್ಸ್. ಅವರಿಗಿಂತ ಮೊದಲು ಇಬ್ಬರು ಶಿಕ್ಷಕರು ಆ ತರಗತಿಯನ್ನು ನಿಭಾಯಿಸಲಾಗದೆ ಕೈಬಿಟ್ಟಿದ್ದರು. ಹೊಸ ಒಳಾಂಗಣ ಆಟವೊಂದನ್ನು ಹುಡುಕಲು ನೈಸ್ಮಿತ್ ಅವರಿಗೆ ಮೇಲಿನವರು ಕೊಟ್ಟ ಸಮಯ ಹದಿನಾಲ್ಕು ದಿನ. ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಯ ಅಂಚಿಗೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಹೊಡೆಸಿ, ಹದಿಮೂರು ನಿಯಮಗಳನ್ನು ಬರೆದು, ಒಂದು ಫುಟ್‌ಬಾಲ್ ಕೊಟ್ಟು, ಒಂಬತ್ತೊಂಬತ್ತು ಜನರ ಎರಡು ತಂಡ ಮಾಡಿ ಬಿಟ್ಟರು. ಗಲಾಟೆಯ ತರಗತಿಯನ್ನು ಹಿಡಿದು ನಿಲ್ಲಿಸಲು ಮಾಡಿದ ಪಾಠಯೋಜನೆಯೊಂದು ಇಷ್ಟು ದೂರ ಹೋದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಆ ಹತ್ತು ಅಡಿ ಎತ್ತರ ಇವತ್ತಿಗೂ ಬದಲಾಗಿಲ್ಲ.

ಆಟ ನಮ್ಮ ಕಡೆಗೆ ಬಂದದ್ದೂ ವೈಎಂಸಿಎ ದಾರಿಯಲ್ಲೇ. 1920ರಲ್ಲಿ ಎಚ್. ಸಿ. ಬಕ್ ಅವರು ಮದ್ರಾಸಿನಲ್ಲಿ ಶುರು ಮಾಡಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತು ಬಂದ ಪಿ.ಟಿ. ಮೇಷ್ಟ್ರುಗಳು ದಕ್ಷಿಣ ಭಾರತದ ಶಾಲೆಗಳಿಗೆ ಇಂಥ ಆಟಗಳನ್ನು ತಂದರು. ಅದು ಬೇರೆಯೇ ಕಥೆ. ನಾನು ಹೇಳಹೊರಟಿರುವುದು ನೈಸ್ಮಿತ್ ಅವರ ಆಟ ಅಮೆರಿಕದಲ್ಲಿ ನಲವತ್ತು ವರ್ಷ ದಾಟಿ, ಅದಕ್ಕೊಂದು ಸರಿಯಾದ ವಿಧಾನ ಎಂಬುದು ಗಟ್ಟಿಯಾಗಿ ಕೂತ ಮೇಲೆ, ಆ ವಿಧಾನಕ್ಕೆ ಹೊಂದದ ಹುಡುಗನೊಬ್ಬ ಏನು ಮಾಡಿದ ಎಂಬುದನ್ನು. ಅದಕ್ಕಿಂತ ಹೆಚ್ಚಾಗಿ, ಅವನ ಜೊತೆ ಅವನ ಶಿಕ್ಷಕರು ಹೇಗೆ ನಡೆದುಕೊಂಡರು ಎಂಬುದನ್ನು.

ಒಂಬತ್ತನೇ ತರಗತಿಯ ಚಲನೆಯ ಪಾಠಕ್ಕೆ ಪೀಠಿಕೆಯಾಗಿ ಒಬ್ಬರ ಜೀವನ ಹೇಳಬೇಕೆಂದಾಗ ನಮ್ಮ ಗುಂಪಿನ ಹೆಚ್ಚಿನವರು ಗೆಲಿಲಿಯೋ, ನ್ಯೂಟನ್ ಎಂದು ಬರೆದುಕೊಂಡರು. ನಾನು ಆಟಗಾರನೊಬ್ಬನನ್ನು ಆರಿಸಿಕೊಂಡೆ. ಇದರಲ್ಲೂ ಗೆಲಿಲಿಯೋ ಹೆಸರು ಬರುತ್ತದೆ, ಆದರೆ ಒಂದು ಹೈಸ್ಕೂಲಿನ ಹೆಸರಾಗಿ.

ಏಂಜೆಲೊ ಲೂಯಿಸೆಟ್ಟಿ ಹುಟ್ಟಿದ್ದು 1916ರ ಜೂನ್ 16ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ತಂದೆ ತಾಯಿ ಇಟಲಿಯಿಂದ ವಲಸೆ ಬಂದವರು. ಎಲ್ಲರೂ ಕರೆಯುತ್ತಿದ್ದ ಹೆಸರು ಹ್ಯಾಂಕ್. ಸ್ಯಾನ್ ಫ್ರಾನ್ಸಿಸ್ಕೋ ಏರುತಗ್ಗಿನ ಊರು. ಅಂಥ ಊರಿನ ಬಡಾವಣೆಯ ಆಟದ ಮೈದಾನದಲ್ಲಿ ಹ್ಯಾಂಕ್ ತನಗಿಂತ ದೊಡ್ಡ ಹುಡುಗರ ಜೊತೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ.

ಆಗ ಎಲ್ಲ ಕಡೆ ಕಲಿಸುತ್ತಿದ್ದ ಎಸೆತ ಒಂದೇ. ಎರಡೂ ಪಾದ ನೆಲಕ್ಕೆ ಊರಿ, ಎರಡೂ ಕೈಯಲ್ಲಿ ಚೆಂಡನ್ನು ಎದೆಯ ಹತ್ತಿರ ಹಿಡಿದು, ಗುರಿ ನೋಡಿ, ಮೊಣಕಾಲು ಸ್ವಲ್ಪ ಬಾಗಿಸಿ ತಳ್ಳುವುದು. ಇದಕ್ಕೆ ನಿಂತು ಎಸೆಯುವವನ ಮುಂದೆ ಜಾಗ ಬೇಕು, ಸಮಯ ಬೇಕು. ಹಾಗಾಗಿ ಆಟವೂ ನಿಧಾನ. ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ, ಎದುರಾಳಿಯ ಗೋಡೆಯಲ್ಲಿ ಬಿರುಕು ಬೀಳುವವರೆಗೆ ಕಾಯುತ್ತಿದ್ದರು. ಸಾಲದ್ದಕ್ಕೆ ಪ್ರತಿ ಗೋಲಿನ ನಂತರವೂ ಅಂಕಣದ ನಡುವೆ ಬಂದು ಇಬ್ಬರ ನಡುವೆ ಚೆಂಡು ಹಾರಿಸಿ ಆಟ ಮತ್ತೆ ಶುರು ಮಾಡಬೇಕಿತ್ತು. ಇಡೀ ಪಂದ್ಯದಲ್ಲಿ ಒಂದು ತಂಡ ನಲವತ್ತು ಅಂಕ ಗಳಿಸಿದರೆ ಅದೇ ಹೆಚ್ಚು.

ಚಿಕ್ಕ ಹುಡುಗ ಹ್ಯಾಂಕ್‌ಗೆ ಎರಡು ಕೈಯ ಎಸೆತದಲ್ಲಿ ಚೆಂಡು ಬುಟ್ಟಿಯವರೆಗೆ ಮುಟ್ಟುತ್ತಲೇ ಇರಲಿಲ್ಲ. ಎದುರಿಗೆ ದೊಡ್ಡ ಹುಡುಗರ ಕೈಗಳು ಬೇರೆ. ಅವನು ಕಂಡುಕೊಂಡ ದಾರಿ ಇದು: ಚೆಂಡನ್ನು ಒಂದೆರಡು ಸಲ ಪುಟಿಸುತ್ತ ಓಡಿ, ನೆಗೆದು, ಮೇಲೇರುತ್ತಿರುವಾಗಲೇ ಮುಖದ ಮಟ್ಟದಿಂದ ಒಂದೇ ಕೈಯಲ್ಲಿ ಚೆಂಡನ್ನು ತಳ್ಳಿಬಿಡುವುದು. ಯಾರೂ ಹೇಳಿಕೊಟ್ಟದ್ದಲ್ಲ. ಹೊಸದೇನೋ ಕಂಡುಹಿಡಿಯುತ್ತಿದ್ದೇನೆ ಎಂಬ ಯೋಚನೆಯೂ ಅವನಿಗೆ ಇರಲಿಲ್ಲ. ಚೆಂಡು ಬುಟ್ಟಿಗೆ ಮುಟ್ಟಬೇಕಿತ್ತು, ಅಷ್ಟೆ.

ವಿಜ್ಞಾನದ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದಿಟ್ಟದ್ದು ಈ ಭಾಗ. ಹುಡುಗನ ಮೈ ಕಂಡುಕೊಂಡದ್ದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಬುಟ್ಟಿಯ ಎತ್ತರ 3.05 ಮೀಟರ್. ಎಸೆಯುವವನಿಂದ ಬುಟ್ಟಿಗೆ ಅಡ್ಡ ದೂರ 4.6 ಮೀಟರ್ ಎಂದು ಇಟ್ಟುಕೊಳ್ಳೋಣ. ಗಾಳಿಯ ತಡೆಯನ್ನು ಬಿಟ್ಟುಬಿಡೋಣ. ಎದೆಯ ಮಟ್ಟದಿಂದ, ಅಂದರೆ ಸುಮಾರು 1.4 ಮೀಟರ್ ಎತ್ತರದಿಂದ ಎಸೆದರೆ ಚೆಂಡು ಬುಟ್ಟಿ ಮುಟ್ಟಲು ಕನಿಷ್ಠ ಸೆಕೆಂಡಿಗೆ 8 ಮೀಟರ್ ವೇಗ ಬೇಕು. ನೆಗೆದು, ಮೇಲಿಂದ, ಸುಮಾರು 2.1 ಮೀಟರ್ ಎತ್ತರದಿಂದ ಬಿಟ್ಟರೆ ಸುಮಾರು 7.4 ಮೀಟರ್ ಸಾಕು. ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ. ಆದರೆ ಚಲನ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಚೆಂಡಿಗೆ ಕೊಡಬೇಕಾದ ಶಕ್ತಿ ಸುಮಾರು ಶೇ. 14ರಷ್ಟು ಕಡಿಮೆಯಾಗುತ್ತದೆ. ಜೊತೆಗೆ ಓಡುತ್ತ ಬಂದವನ ವೇಗವೂ ನೆಗೆತದ ವೇಗವೂ ಚೆಂಡಿಗೆ ಸೇರುತ್ತವೆ. ತೋಳಿನ ಕೆಲಸದಲ್ಲಿ ಒಂದು ಪಾಲನ್ನು ಕಾಲುಗಳು ಹೊರುತ್ತವೆ. ತೋಳಿನಲ್ಲಿ ಕಸುವು ಕಡಿಮೆ ಇರುವ ಹುಡುಗನಿಗೆ ಇದು ದೊಡ್ಡ ಸಹಾಯ.

ಇನ್ನೊಂದು ಲೆಕ್ಕವನ್ನು ಮಕ್ಕಳು ನನಗಿಂತ ಬೇಗ ಹಿಡಿದರು. ರಿಂಗಿನ ವ್ಯಾಸ ಸುಮಾರು 45.7 ಸೆಂಟಿಮೀಟರ್, ಚೆಂಡಿನದು ಸುಮಾರು 24. ಮೇಲಿಂದ ನೇರ ಕೆಳಗೆ ಬೀಳುವ ಚೆಂಡಿಗೆ ರಿಂಗ್ ಪೂರ್ತಿ ವೃತ್ತವಾಗಿ ಕಾಣುತ್ತದೆ. ಓರೆಯಾಗಿ ಬರುವ ಚೆಂಡಿಗೆ ಅದು ಚಪ್ಪಟೆಯಾದ ಬಾಯಿ. 45 ಡಿಗ್ರಿಯಲ್ಲಿ ಬಂದರೆ ಆ ಬಾಯಿಯ ಅಗಲ 32 ಸೆಂಟಿಮೀಟರ್; ಸುಮಾರು 32 ಡಿಗ್ರಿಗಿಂತ ಕೆಳಗಾದರೆ ಚೆಂಡು ರಿಂಗಿನ ಅಂಚಿಗೆ ತಗಲದೆ ಒಳಗೆ ಇಳಿಯುವುದೇ ಇಲ್ಲ. ರಟ್ಟಿನಲ್ಲಿ ಒಂದು ಬಳೆ ಕತ್ತರಿಸಿ, ಓರೆಯಾಗಿ ಹಿಡಿದು ತೋರಿಸಿದರೆ ಸಾಕು, ಸೈನ್ ಎಂಬ ಪದ ಬಳಸಬೇಕಾಗಿಲ್ಲ. ಬೋಧನೋಪಕರಣಕ್ಕೆ ಆದ ಖರ್ಚು ಸೊನ್ನೆ.

ಗೆಲಿಲಿಯೋ ಹೈಸ್ಕೂಲಿನಲ್ಲೂ ಲೂಯಿಸೆಟ್ಟಿ ತನ್ನ ಎಸೆತದಲ್ಲೇ ಆಡಿ ಹೆಸರು ಮಾಡಿ, 1934ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಕೋಚ್ ಆಗಿದ್ದವರು ಜಾನ್ ಬನ್. ಬನ್ ಅವರ ಗುರುಪರಂಪರೆ ನೇರವಾಗಿ ಸ್ಪ್ರಿಂಗ್‌ಫೀಲ್ಡಿನ ತರಗತಿಗೇ ಮುಟ್ಟುತ್ತದೆ. ನೈಸ್ಮಿತ್ ಅವರು 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲೇ ನೆಲೆಸಿದರು. ಅಲ್ಲಿ ಫಾಗ್ ಆ್ಯಲನ್ ಅವರ ಕೈಕೆಳಗೆ ಆಡಿ, ಅವರ ಸಹಾಯಕರಾಗಿ ಕೆಲಸ ಮಾಡಿ ಬಂದವರು ಬನ್. ಅಂದರೆ ಸಂಪ್ರದಾಯ ಗೊತ್ತಿಲ್ಲದವರೇನಲ್ಲ. ಎರಡು ಕೈಯ ಎಸೆತವನ್ನು ಚೆನ್ನಾಗಿ ಕಲಿತು, ಕಲಿಸಿದವರು.

ಅಂಥವರ ಮುಂದೆ ಹದಿನೆಂಟು ವರ್ಷದ ಹುಡುಗ ಓಡುತ್ತ ಬಂದು ಒಂದೇ ಕೈಯಲ್ಲಿ ಎಸೆಯುತ್ತಾನೆ. ಬನ್ ಮಾಡಿದ್ದು ಇಷ್ಟು: ಆ ಎಸೆತ ಹೇಗೆ ಎಂದು ತೋರಿಸಲು ಹೇಳಿದರು, ನೋಡಿದರು, ಅದನ್ನೇ ಮುಂದುವರಿಸು ಎಂದರು.

ಈ ಒಂದು ನಿಮಿಷದ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಬೋಧನಾಭ್ಯಾಸದಲ್ಲಿ ನಾವು ಒಬ್ಬರ ಪಾಠವನ್ನು ಇನ್ನೊಬ್ಬರು ವೀಕ್ಷಿಸುತ್ತೇವಲ್ಲ, ಆಗ ಕೈಯಲ್ಲಿ ಒಂದು ನಮೂನೆ ಇರುತ್ತದೆ. ಪೀಠಿಕೆ, ಧ್ವನಿ, ಕಪ್ಪುಹಲಗೆ ಬರವಣಿಗೆ, ಪ್ರಶ್ನೆ ಕೇಳುವ ಕೌಶಲ, ಸಮಯ ಪಾಲನೆ, ಎಲ್ಲಕ್ಕೂ ಕಾಲಂ ಇದೆ. ಒಂದು ದಿನ ಎಂಟನೇ ತರಗತಿಯ ಗಣಿತದ ಪಾಠದಲ್ಲಿ 640 ರೂಪಾಯಿಯ ಶೇ. 15 ಎಷ್ಟು ಎಂಬ ಲೆಕ್ಕಕ್ಕೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹತ್ತರಷ್ಟು 64, ಅದರ ಅರ್ಧ 32, ಒಟ್ಟು 96 ಎಂದು ಬಾಯಲ್ಲೇ ಹೇಳಿಬಿಟ್ಟಳು. ಹಲಗೆಯ ಮೇಲೆ ಇನ್ನೂ ಛೇದದಲ್ಲಿ ನೂರು ಬರೆಯುವುದು ನಡೆದಿತ್ತು. ಉತ್ತರ ಸರಿ ಎಂದು ಯಾರೂ ಹೇಳಲಿಲ್ಲ, ಪುಸ್ತಕದಲ್ಲಿರುವ ಹಾಗೆ ಮಾಡು ಎಂದಾಯಿತು, ಅವಳು ಕೂತಳು. ಮಗುವಿನ ಸ್ವಂತ ವಿಧಾನವನ್ನು ಶಿಕ್ಷಕರು ಏನು ಮಾಡಿದರು ಎಂದು ಬರೆಯಲು ನನ್ನ ನಮೂನೆಯಲ್ಲಿ ಕಾಲಂ ಇರಲಿಲ್ಲ. ಇತರೆ ಎಂಬ ಕೊನೆಯ ಸಾಲಿನಲ್ಲಿ ಬರೆದೆ. ಬನ್ ಅವರ ಕೈಯಲ್ಲೂ ಒಂದು ನಮೂನೆ ಇದ್ದಿದ್ದರೆ ಅದರಲ್ಲಿ ಪಾದಗಳ ಸ್ಥಾನ, ಕೈಗಳ ಹಿಡಿತ ಎಂದೆಲ್ಲ ಇರುತ್ತಿತ್ತು, ಲೂಯಿಸೆಟ್ಟಿಗೆ ಎಲ್ಲದರಲ್ಲೂ ಸೊನ್ನೆ ಬೀಳುತ್ತಿತ್ತು.

ಆಗಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿ ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಮೊದಲ ವರ್ಷದವರ ತಂಡದಲ್ಲಿ ಅವರು 305 ಅಂಕ ಗಳಿಸಿದರು. ನಂತರದ ಮೂರು ವರ್ಷ ಮುಖ್ಯ ತಂಡದಲ್ಲಿ 1,291. ಒಟ್ಟು 1,596. ಆ ಮೂರು ವರ್ಷಗಳಲ್ಲಿ ಸ್ಟ್ಯಾನ್‌ಫೋರ್ಡ್ 68 ಪಂದ್ಯ ಗೆದ್ದು 12 ಸೋತಿತು, ಮೂರು ವರ್ಷವೂ ಪೆಸಿಫಿಕ್ ಕರಾವಳಿಯ ಕಾಲೇಜುಗಳ ಪ್ರಶಸ್ತಿ ಅದಕ್ಕೇ ಬಂತು. ಅಂಕಗಳನ್ನಷ್ಟೇ ಹೇಳಿದರೆ ಅನ್ಯಾಯವಾಗುತ್ತದೆ. ಆರು ಅಡಿ ಎರಡು ಅಂಗುಲದ ಈ ಹುಡುಗ ಚೆಂಡನ್ನು ಬೆನ್ನ ಹಿಂದೆ ಪುಟಿಸಿ ಎದುರಾಳಿಯನ್ನು ದಾಟಿಕೊಳ್ಳುತ್ತಿದ್ದರು, ರಕ್ಷಣೆಯಲ್ಲಿ ಗಟ್ಟಿ ಇದ್ದರು, ಜೊತೆಯವರಿಗೆ ಚೆಂಡು ಕೊಡುವುದೆಂದರೆ ಅವರಿಗೆ ಎಸೆಯುವುದಕ್ಕಿಂತ ಇಷ್ಟ.

ಆದರೆ ಇದೆಲ್ಲ ನಡೆದದ್ದು ಅಮೆರಿಕದ ಪಶ್ಚಿಮದ ಅಂಚಿನಲ್ಲಿ. ಆಟದ ರಾಜಧಾನಿ ಇದ್ದದ್ದು ನ್ಯೂಯಾರ್ಕಿನಲ್ಲಿ. ಟಿವಿ ಇಲ್ಲದ ಕಾಲ. ಪೂರ್ವದವರಿಗೆ ಪಶ್ಚಿಮದ ಆಟ ಪತ್ರಿಕೆಯ ಒಂದೆರಡು ಸಾಲು, ಅದನ್ನೂ ಪೂರ್ತಿ ನಂಬುತ್ತಿರಲಿಲ್ಲ. 1936ರ ಡಿಸೆಂಬರ್‌ನಲ್ಲಿ ಬನ್ ತಮ್ಮ ಹುಡುಗರನ್ನು ರೈಲಿನಲ್ಲಿ ಕೂರಿಸಿಕೊಂಡು ಇಡೀ ದೇಶ ದಾಟಿ ಬಂದರು. ಡಿಸೆಂಬರ್ 30ರ ರಾತ್ರಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಒಳಾಂಗಣದಲ್ಲಿ, ಲಾಂಗ್ ಐಲ್ಯಾಂಡ್ ವಿಶ್ವವಿದ್ಯಾಲಯದ ವಿರುದ್ಧ ಪಂದ್ಯ. ಆ ತಂಡ ಸತತವಾಗಿ 43 ಪಂದ್ಯ ಗೆದ್ದಿತ್ತು. ಅದರ ಕೋಚ್ ಕ್ಲೇರ್ ಬೀ ಆ ಕಾಲದ ದೊಡ್ಡ ತಲೆಗಳಲ್ಲಿ ಒಬ್ಬರು. ನೋಡಲು ಬಂದವರು 17 ಸಾವಿರಕ್ಕೂ ಹೆಚ್ಚು.

ಲೂಯಿಸೆಟ್ಟಿ ಓಡುತ್ತ ಬಂದು ತಮಗಿಂತ ಎತ್ತರದ ಆಟಗಾರನ ಕೈ ಮೇಲೇಳುವ ಮೊದಲೇ ಚೆಂಡು ಬಿಟ್ಟಾಗ ಆ ಜನಕ್ಕೆ ಮೊದಲು ಅರ್ಥವಾಗಲಿಲ್ಲ. ಅವರು ಹಾಗೆ ಎಸೆದ ಚೆಂಡು ಒಳಗೆ ಹೋದದ್ದನ್ನು ಕಂಡಿರಲಿಲ್ಲ. ಆಮೇಲೆ ಅದು ಮತ್ತೆ ಮತ್ತೆ ಒಳಗೆ ಹೋಯಿತು. ಸ್ಟ್ಯಾನ್‌ಫೋರ್ಡ್ 45, ಲಾಂಗ್ ಐಲ್ಯಾಂಡ್ 31. ಲೂಯಿಸೆಟ್ಟಿ ಗಳಿಸಿದ್ದು 15, ಅಂದರೆ ತಂಡದ ಅಂಕಗಳಲ್ಲಿ ಮೂರನೇ ಒಂದು ಪಾಲು. ಅವರು ಅಂಕಣ ಬಿಟ್ಟು ಹೊರಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವರು ಸೋತ ತಂಡದ ಊರಿನವರು. 15 ಅಂಕ ಇವತ್ತಿನ ಮಕ್ಕಳಿಗೆ ದೊಡ್ಡದಲ್ಲ. ನನ್ನ ತರಗತಿಯ ಒಬ್ಬ ಹುಡುಗ ಅಷ್ಟೇನಾ ಎಂದು ಕೇಳಿಯೇಬಿಟ್ಟ. ಆ ರಾತ್ರಿಯ ಮಹತ್ವ ಎಣಿಕೆಯಲ್ಲಿಲ್ಲ. ಆಟ ಕಲಿಸುವವರು, ಕಲಿಯುವವರು, ಬರೆಯುವವರು ಎಲ್ಲ ಸೇರಿದ್ದ ಜಾಗದಲ್ಲಿ ಅವರೆಲ್ಲರ ಕಣ್ಣೆದುರಿಗೆ ಅದು ನಡೆಯಿತು ಎಂಬುದರಲ್ಲಿದೆ. ಅಲ್ಲಿಂದ ಮುಂದೆ ನ್ಯೂಯಾರ್ಕಿನ ಮೈದಾನಗಳಲ್ಲಿ ಹುಡುಗರು ಒಂದು ಕೈಯಲ್ಲಿ ಎಸೆಯತೊಡಗಿದರು.

ಎಲ್ಲರೂ ಒಪ್ಪಲಿಲ್ಲ. ನ್ಯೂಯಾರ್ಕ್ ಸಿಟಿ ಕಾಲೇಜಿನ ಕೋಚ್ ನ್ಯಾಟ್ ಹೋಲ್ಮನ್ ಆಟಗಾರರಾಗಿಯೂ ಶಿಕ್ಷಕರಾಗಿಯೂ ಬಹಳ ದೊಡ್ಡ ಹೆಸರು. ಗೆಲ್ಲಲಿಕ್ಕಾಗಿ ಹುಡುಗರಿಗೆ ಒಂದು ಕೈಯ ಎಸೆತ ಕಲಿಸಬೇಕಾಗಿ ಬಂದರೆ ತಾನು ಕೋಚ್ ಕೆಲಸವನ್ನೇ ಬಿಡುತ್ತೇನೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದು ಅಲ್ಲಿನ ಕ್ರೀಡಾ ಇತಿಹಾಸದಲ್ಲಿ ಉಳಿದುಬಿಟ್ಟಿದೆ. ಹೋಲ್ಮನ್ ಅವರನ್ನು ನಗೆಪಾಟಲು ಮಾಡುವುದು ಸುಲಭ, ಎಷ್ಟೋ ಕಡೆ ಹಾಗೇ ಮಾಡಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಲವತ್ತು ಜನರಿಗೆ ಕಲಿಸುವವರಿಗೆ ಒಂದು ವಿಧಾನ ಬೇಕೇ ಬೇಕು. ಎರಡು ಕೈಯ ಎಸೆತವನ್ನು ಬಿಡಿಸಿ ಹೇಳಬಹುದು, ತಿದ್ದಬಹುದು, ಯಾರು ಕಲಿತರು ಯಾರು ಕಲಿಯಲಿಲ್ಲ ಎಂದು ನೋಡಬಹುದು. ನಿಂತು, ಚೆಂಡು ದಾಟಿಸಿ, ಕಾದು ಆಡುವ ಒಂದು ಸುಂದರವಾದ ಆಟವನ್ನು ಹೋಲ್ಮನ್ ಕಟ್ಟಿದ್ದರು. ಓಡುತ್ತ ಎಸೆಯುವವನು ಬಂದರೆ ಆ ಆಟ ಉಳಿಯುವುದಿಲ್ಲ ಎಂದು ಅವರಿಗೆ ಎಲ್ಲರಿಗಿಂತ ಮೊದಲು ಕಂಡಿರಬೇಕು. ಅದು ನಿಜವೂ ಆಯಿತು. ಆದರೂ ಅವರು ಕೆಲಸ ಬಿಡಲಿಲ್ಲ. 1950ರಲ್ಲಿ, ಆಟವೆಲ್ಲ ಬದಲಾದ ಮೇಲೆ, ಅವರ ತಂಡ ಒಂದೇ ವರ್ಷ ಅಮೆರಿಕದ ಎರಡೂ ದೊಡ್ಡ ಕಾಲೇಜು ಪಂದ್ಯಾವಳಿಗಳನ್ನು ಗೆದ್ದಿತು. 1995ರಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ.

1937–38ರ ಸಾಲಿಗೆ ಪ್ರತಿ ಗೋಲಿನ ನಂತರ ನಡುವೆ ಚೆಂಡು ಹಾರಿಸುವ ನಿಯಮವನ್ನು ತೆಗೆದುಹಾಕಿದರು. ಆಟ ವೇಗವಾಯಿತು. ಓಡುತ್ತ ಎಸೆಯುವವನಿಗೆ ಇದಕ್ಕಿಂತ ಬೇರೇನು ಬೇಕು? 1938ರ ಜನವರಿ 1ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿ ಡುಕೇನ್ ವಿಶ್ವವಿದ್ಯಾಲಯದ ವಿರುದ್ಧ ಸ್ಟ್ಯಾನ್‌ಫೋರ್ಡ್ 92–27ರಿಂದ ಗೆದ್ದಿತು. ಅದರಲ್ಲಿ ಲೂಯಿಸೆಟ್ಟಿ ಒಬ್ಬರದೇ 50. ಎದುರು ತಂಡದ ಎಲ್ಲರೂ ಸೇರಿ ಗಳಿಸಿದ್ದರ ಹತ್ತಿರ ಹತ್ತಿರ ಎರಡರಷ್ಟು. ಆ ದಿನ ಜೊತೆ ಆಟಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು: ಇವನು ಚೆಂಡು ಕೊಟ್ಟರೆ ಇವನಿಗೇ ವಾಪಸು ಕೊಡಬೇಕು ಎಂದು. ಸದಾ ಹಂಚುವ ಹುಡುಗನನ್ನು ಒಂದು ದಿನ ಎಸೆಯುವಂತೆ ಮಾಡಲು ಗೆಳೆಯರು ಹೂಡಿದ ಸಂಚು. ಹೊಸ ವರ್ಷದ ದಿನ ಬೇರೆ. ನನ್ನ ತರಗತಿಯಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಅದೇ ವರ್ಷ ಓದು ಮುಗಿಯಿತು. ಆಗ ಅಮೆರಿಕದಲ್ಲಿ ಇವತ್ತಿನಂಥ ವೃತ್ತಿಪರ ಲೀಗ್ ಇರಲಿಲ್ಲ. ಕಾಲೇಜು ಮುಗಿಸಿದವರು ಕಂಪನಿಗಳ ತಂಡಗಳಲ್ಲಿ, ಕ್ಲಬ್ಬುಗಳಲ್ಲಿ ಹವ್ಯಾಸಿಗಳಾಗಿ ಆಡುತ್ತಿದ್ದರು. ಹಗಲು ಕಚೇರಿ ಕೆಲಸ, ಸಂಜೆ ಆಟ. ಹವ್ಯಾಸಿ ಕ್ರೀಡಾಪಟುಗಳ ಸಂಘದ ನಿಯಮಗಳು ಬಿಗಿಯಾಗಿದ್ದವು. ಆಟದ ಹೆಸರಿನಲ್ಲಿ ಹಣ ಪಡೆದವರು ಹೊರಗೆ. ಈ ನಡುವೆ ಪ್ಯಾರಾಮೌಂಟ್ ಸಂಸ್ಥೆ ಕ್ಯಾಂಪಸ್ ಕನ್ಫೆಷನ್ಸ್ ಎಂಬ ಚಿತ್ರ ತೆಗೆಯಿತು. ನಾಯಕಿ ಬೆಟ್ಟಿ ಗ್ರೇಬಲ್. ಅದರಲ್ಲಿ ಲೂಯಿಸೆಟ್ಟಿ ಲೂಯಿಸೆಟ್ಟಿಯಾಗಿಯೇ ನಟಿಸಿದರು. ಸಂಘ ಅವರನ್ನು ಒಂದು ವರ್ಷ ಆಟದಿಂದ ಹೊರಗಿಟ್ಟಿತು.

ಇದು ನ್ಯಾಯವೇ ಎಂದು ನಾನು ತರಗತಿಯಲ್ಲಿ ಕೇಳಿದೆ. ಪಾಠಯೋಜನೆಯಲ್ಲಿ ಮೂರು ನಿಮಿಷ ಇಟ್ಟಿದ್ದೆ, ಚರ್ಚೆ ಹನ್ನೊಂದು ನಿಮಿಷ ಹೋಯಿತು. ಅವರು ಹಣ ಪಡೆದದ್ದು ನಟಿಸಿದ್ದಕ್ಕೆ, ಆಡಿದ್ದಕ್ಕಲ್ಲ ಎಂದು ಕೆಲವರು. ಆಟಗಾರನಲ್ಲದಿದ್ದರೆ ಸಿನಿಮಾದವರು ಕರೆಯುತ್ತಿದ್ದರೇ ಎಂದು ಇನ್ನು ಕೆಲವರು. ನಿಯಮ ಮೊದಲೇ ಗೊತ್ತಿತ್ತೋ ಇಲ್ಲವೋ ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದ್ದು ವಕೀಲರು ಕೇಳುವಂಥ ಪ್ರಶ್ನೆ. ಇಪ್ಪತ್ತೆರಡು ವರ್ಷದ, ವಲಸೆ ಕುಟುಂಬದ ಹುಡುಗನಿಗೆ ಆ ಕಾಲದಲ್ಲಿ ತನ್ನ ಆಟದಿಂದ ಬಂದ ದೊಡ್ಡ ಮೊತ್ತ ಅದೊಂದೇ ಎಂಬುದನ್ನು ನೆನಪಿಟ್ಟುಕೊಂಡರೆ ನನ್ನ ಮಟ್ಟಿಗೆ ಆ ಶಿಕ್ಷೆ ಹೆಚ್ಚಾಯಿತು.

ಶಿಕ್ಷೆಯ ವರ್ಷ ಮುಗಿಸಿ ಅವರು ಮತ್ತೆ ಆಡಿದರು, ಫಿಲಿಪ್ಸ್ ಎಣ್ಣೆ ಕಂಪನಿಯ ಹೆಸರಾಂತ ತಂಡದಲ್ಲೂ ಆಡಿದರು. ಯುದ್ಧ ಬಂತು, ನೌಕಾಪಡೆ ಸೇರಿದರು. ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್‌ನಲ್ಲಿದ್ದ ವಿಮಾನ ಚಾಲಕರ ಪೂರ್ವ ತರಬೇತಿ ಕೇಂದ್ರದ ತಂಡದಲ್ಲಿ 1943–44ರಲ್ಲಿ ಆಡುತ್ತಿದ್ದಾಗ ಅವರ ಆಟ ಕಾಲೇಜು ದಿನಗಳಿಗಿಂತ ಕಡಿಮೆಯೇನೂ ಆಗಿರಲಿಲ್ಲ. 1944ರಲ್ಲಿ ಮೆದುಳು ಮತ್ತು ಬೆನ್ನುಹುರಿಯ ಪೊರೆಗೆ ಸೋಂಕು ತಗಲಿ ಮೆನಿಂಜೈಟಿಸ್ ಕಾಯಿಲೆ ಬಂತು. ಆಗಿನ ಕಾಲಕ್ಕೆ ಬದುಕಿ ಉಳಿದದ್ದೇ ದೊಡ್ಡದು. ಉಳಿದರು. ಆದರೆ ಇನ್ನು ಆಡಬಾರದು ಎಂದು ವೈದ್ಯರು ಹೇಳಿಬಿಟ್ಟರು. ಅವರಿಗಾಗ ಇಪ್ಪತ್ತೆಂಟು. ಎರಡು ವರ್ಷದ ನಂತರ, 1946ರಲ್ಲಿ, ಮುಂದೆ ಎನ್‌ಬಿಎ ಆದ ವೃತ್ತಿಪರ ಲೀಗ್ ಶುರುವಾಯಿತು. ಅವರು ಬದಲಾಯಿಸಿದ ಆಟಕ್ಕೆ ಹಣ ಕೊಡುವ ಕಾಲ ಬಂದಾಗ ಅವರು ಅಂಕಣದ ಹೊರಗಿದ್ದರು. ಈ ಭಾಗವನ್ನು ನಾನು ತರಗತಿಯಲ್ಲಿ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಅನುಕಂಪ ಹುಟ್ಟಿಸಲು ಹೇಳುವ ಜೀವನ ಚರಿತ್ರೆ ವಿಜ್ಞಾನದ ಪಾಠಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅನಿಸಿಕೆ. ಗುರುಗಳು ಬೇರೆ ರೀತಿ ಯೋಚಿಸಬಹುದು.

ಒಂದು ವಿಷಯ ಸ್ಪಷ್ಟಪಡಿಸಬೇಕು. ಒಂದು ಕೈಯ ಎಸೆತವನ್ನು ಜಗತ್ತಿನಲ್ಲಿ ಮೊದಲು ಮಾಡಿದವರು ಲೂಯಿಸೆಟ್ಟಿ ಎಂದು ಕೆಲವರು ಬರೆಯುತ್ತಾರೆ. ಹಾಗೆ ಹೇಳುವಂತಿಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಮೊದಲೂ ಹಾಗೆ ಎಸೆದಿರುತ್ತಾರೆ. ಇವತ್ತಿನ ಜಂಪ್ ಶಾಟ್ ಕೂಡ ಪೂರ್ತಿ ಅವರದಲ್ಲ. ನೇರ ಮೇಲಕ್ಕೆ ನೆಗೆದು, ನೆಗೆತದ ತುದಿಯಲ್ಲಿ, ತಲೆಯ ಮೇಲಿಂದ ಚೆಂಡು ಬಿಡುವ ರೂಪಕ್ಕೆ ವಯೋಮಿಂಗ್‌ನ ಕೆನ್ನಿ ಸೇಲರ್ಸ್ ಮುಂತಾದವರ ಹೆಸರು ಹೇಳಬೇಕು. ಸೇಲರ್ಸ್ ಅದನ್ನು ಕಂಡುಕೊಂಡದ್ದು ತಮಗಿಂತ ಬಹಳ ಎತ್ತರದ ಅಣ್ಣನ ಎದುರು ಆಡುತ್ತ. ಅಲ್ಲೂ ಚಿಕ್ಕವನು, ಅಲ್ಲೂ ಎದುರಿಗೆ ದೊಡ್ಡವರ ಕೈ. ಲೂಯಿಸೆಟ್ಟಿ ಮಾಡಿದ್ದು ಇಷ್ಟು: ತಪ್ಪು ಎನ್ನುತ್ತಿದ್ದ ಒಂದು ಎಸೆತದಿಂದ ಇಡೀ ಪಂದ್ಯ ಗೆಲ್ಲಬಹುದು ಎಂದು ಎಲ್ಲರಿಗೂ ಕಾಣುವ ಜಾಗದಲ್ಲಿ ತೋರಿಸಿದರು.

ಯುದ್ಧದ ನಂತರ ಅವರು ಸ್ಯಾನ್ ಫ್ರಾನ್ಸಿಸ್ಕೋದ ಸ್ಟೀವರ್ಟ್ ಷೆವ್ರೊಲೆ ಎಂಬ ಕಂಪನಿ ತಂಡಕ್ಕೆ ಕೋಚ್ ಆಗಿ 1951ರಲ್ಲಿ ಅದನ್ನು ಹವ್ಯಾಸಿಗಳ ರಾಷ್ಟ್ರೀಯ ಪ್ರಶಸ್ತಿಗೆ ಮುಟ್ಟಿಸಿದರು. ಅಷ್ಟಕ್ಕೆ ಕೋಚ್ ಕೆಲಸ ಸಾಕು ಮಾಡಿ, ಪ್ರವಾಸದ ಏರ್ಪಾಡು ಮಾಡುವ ಕಂಪನಿಯೊಂದರಲ್ಲಿ ಅಧಿಕಾರಿಯಾಗಿ ಉಳಿದ ದುಡಿಮೆಯ ವರ್ಷಗಳನ್ನು ಕಳೆದರು. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಶತಮಾನದ ಮೊದಲ ಅರ್ಧದ ಶ್ರೇಷ್ಠ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾರೆಂದು ಕ್ರೀಡಾ ಬರಹಗಾರರನ್ನು ಕೇಳಿದಾಗ ಅವರಿಗೆ ಎರಡನೇ ಸ್ಥಾನ ಬಂತು. ಮೊದಲನೆಯದು ಆಗ ಇನ್ನೂ ಆಡುತ್ತಿದ್ದ ಜಾರ್ಜ್ ಮೈಕನ್ ಅವರಿಗೆ. 1959ರಲ್ಲಿ ಬ್ಯಾಸ್ಕೆಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಮೊದಲ ತಂಡದ ಹೆಸರುಗಳನ್ನು ಆರಿಸಿದಾಗ ನೈಸ್ಮಿತ್ ಮತ್ತು ಲೂಯಿಸೆಟ್ಟಿ ಒಟ್ಟಿಗೆ ಸೇರಿದರು.

ಜಾನ್ ಬನ್ ಅವರು ಮುಂದೆ ಸ್ಪ್ರಿಂಗ್‌ಫೀಲ್ಡಿನ ಅದೇ ಸಂಸ್ಥೆಯಲ್ಲಿ, ಅದು ಕಾಲೇಜಾದ ಮೇಲೆ, ಕೋಚ್ ಆಗಿ ಹತ್ತು ವರ್ಷ ಕೆಲಸ ಮಾಡಿದರು. ಅಲ್ಲಿದ್ದಾಗ, 1955ರಲ್ಲಿ, ತರಬೇತಿಯ ವೈಜ್ಞಾನಿಕ ತತ್ವಗಳ ಬಗ್ಗೆ ಅವರು ಬರೆದ ಪುಸ್ತಕ ಪ್ರಕಟವಾಯಿತು. ಸನ್ನೆ, ಬಲ, ವೇಗ, ಎಸೆತದ ಕೋನ ಎಂದು ನಾವು ಬಿಎಸ್ಸಿಯಲ್ಲಿ ಓದುವ ಯಂತ್ರಶಾಸ್ತ್ರವನ್ನು ಆಟಗಳಿಗೆ ಅನ್ವಯಿಸುವ ಪುಸ್ತಕ ಅದು. ಹುಡುಗನಿಗೆ ಮುಂದುವರಿಸು ಎಂದು ಹೇಳಿ ಆಗ ಇಪ್ಪತ್ತು ವರ್ಷವಾಗಿತ್ತು. ಮೊದಲು ಒಪ್ಪಿಗೆ, ಆಮೇಲೆ ಲೆಕ್ಕ. ಈ ಕ್ರಮ ನನಗೆ ಇಷ್ಟವಾಯಿತು. ಅವರನ್ನು 1964ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು.

ಲೂಯಿಸೆಟ್ಟಿ ತೀರಿಕೊಂಡದ್ದು 2002ರ ಡಿಸೆಂಬರ್ 17ರಂದು, ಹುಟ್ಟಿದ ಊರಿನಿಂದ ಹೆಚ್ಚು ದೂರವಿಲ್ಲದ ಸ್ಯಾನ್ ಮಟೇಯೊದಲ್ಲಿ, 86ನೇ ವಯಸ್ಸಿನಲ್ಲಿ. ಸ್ಟ್ಯಾನ್‌ಫೋರ್ಡಿನಲ್ಲಿ ಅವರ ಕಂಚಿನ ಪ್ರತಿಮೆ ಇದೆ. ಚೆಂಡು ಒಂದೇ ಕೈಯಲ್ಲಿದೆ.